ಸಕ್ಕರೆ ಡಬ್ಬಿಗೆ ಬಿದ್ದ ಚಮಚ

ಒಲೆಯ ಮೇಲಿನ ಹಾಲು ಸೀದು ಮೂರನೇ ಮಹಡಿಯಿಂದ ಬೀದಿಯವರೆಗೆ ವಾಸನೆ ಹೋಗಿತ್ತು. ಕೆಳಗಿನ ಮನೆಯವರು ಮೆಟ್ಟಿಲು ಹತ್ತಿ ಬಂದು ಬಾಗಿಲು ಬಡಿದರು. ಒಲೆಯಿಂದ ಒಂದು ಮೊಳ ದೂರದಲ್ಲಿ ನಿಂತಿದ್ದವಳಿಗೆ ಮಾತ್ರ ಏನೂ ಗೊತ್ತಾಗಿರಲಿಲ್ಲ. ಅಂದಿನಿಂದ ಅವಳ ತಲೆಯಲ್ಲಿ ಒಂದೇ ಹುಳ ಕೊರೆಯುತ್ತಿತ್ತು. ಮೂಗು ಹೋಯಿತೇ?

ಬೇರೆಯವರಿಗಾದರೆ ಇದು ಚಿಂತೆಯೇ ಅಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಲ್ಲೇ ತೂಕಡಿಸುವ ತಾಯಿಗೆ ಹಾಲು ಸೀದದ್ದು ತಿಳಿಯದೆ ಹೋದರೆ ಮನೆಯವರು ಪಾತ್ರೆ ತಿಕ್ಕಿಟ್ಟು ಸುಮ್ಮನಾಗುತ್ತಾರೆ. ಆದರೆ ಇವಳು ಮೂಗಿನ ಅನ್ನ ತಿನ್ನುವವಳು. ಕಾಫಿ ಹುರಿಯುವ ಕಾರ್ಖಾನೆಯಲ್ಲಿ ರುಚಿ ನೋಡುವ ಕೆಲಸ ಅವಳದು. ಈಗ ಹೆರಿಗೆಯ ರಜೆ. ರಜೆ ಮುಗಿಯುತ್ತ ಬಂದಿತ್ತು. ಮೂಗಿಲ್ಲದೆ ರುಚಿ ನೋಡುವ ಮೇಜಿಗೆ ಹಿಂತಿರುಗುವುದೆಂದರೆ ಬೆರಳಿಲ್ಲದ ದರ್ಜಿ ಅಂಗಡಿ ತೆರೆದ ಹಾಗೆ.

ಸಿಕ್ಕಿದ್ದನ್ನೆಲ್ಲ ಮೂಸತೊಡಗಿದಳು. ಸೋಪು, ದಿಂಬು, ಆಗಷ್ಟೇ ಆರಿಸಿದ ಬೆಂಕಿಕಡ್ಡಿ, ಗಂಡನ ಅಂಗಿಯ ಕತ್ತುಪಟ್ಟಿ. ವಾಸನೆಯೇನೋ ಬರುತ್ತಿತ್ತು. ಆದರೆ ಬಂದದ್ದು ವಾಸನೆಯೋ, ವಾಸನೆಯ ನೆನಪೋ? ಸೋಪನ್ನು ಕಣ್ಣಾರೆ ನೋಡುತ್ತಾ ಮೂಸಿದರೆ ಮೂಗಿಲ್ಲದವರಿಗೂ ಸೋಪಿನ ವಾಸನೆ ಬಂದಂತೆ ಅನ್ನಿಸದಿರುತ್ತದೆಯೇ? ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಗಂಡ, ಕಣ್ಣಾದರೆ ಅಕ್ಷರದ ಹಲಗೆ ತೋರಿಸಿ ಹೇಳಿಬಿಡುತ್ತಿದ್ದೆ, ಮೂಗಿಗೆ ನಮ್ಮಲ್ಲಿ ಹಲಗೆ ಇಲ್ಲ ಎಂದು ನಕ್ಕು ಊಟದ ಡಬ್ಬಿ ಹಿಡಿದು ಹೊರಟುಬಿಟ್ಟ.

ಅತ್ತೆಯ ಪರೀಕ್ಷೆ ಇನ್ನೂ ಸರಳವಾಗಿತ್ತು. "ಮಗು ಕಕ್ಕ ಮಾಡ್ಕೊಂಡಿದ್ದು ಗೊತ್ತಾಗತ್ತೇನೇ ನಿಂಗೆ?"

"ಗೊತ್ತಾಗತ್ತೆ."

"ಮತ್ತಿನ್ನೇನು, ಮೂಗು ಇದೆ ಬಿಡು."

"ಅದು ಗೊತ್ತಾಗೋಕೆ ಮೂಗು ಯಾಕೆ ಅತ್ತೆ, ಗೋಡೆಗೂ ಗೊತ್ತಾಗತ್ತೆ."

ಹುಟ್ಟಿನಿಂದಲೇ ಅವಳ ಮೂಗು ಚುರುಕು. ಚುರುಕು ಎಂದರೆ ಮನೆಯಲ್ಲಿ ಜಗಳ ತಂದಿಡುವಷ್ಟು. ನಾಲ್ಕೈದು ವರ್ಷದವಳಿದ್ದಾಗ, ಬೀಡಿ ಬಿಟ್ಟು ವರ್ಷವಾಯಿತೆಂದು ಆಣೆ ಹಾಕುತ್ತಿದ್ದ ಸೋದರಮಾವನ ಮಡಿಲಲ್ಲಿ ಕೂತು, ಮಾವ ಹೊಗೆ ಹೊಗೆ, ಮೇಲಿಂದ ಪೆಪ್ಪರಮಿಂಟು ಎಂದು ಎಲ್ಲರೆದುರಿಗೆ ಹೇಳಿದ್ದಳು. ಮಾವನೂ ಅವನ ಹೆಂಡತಿಯೂ ಆಮೇಲೆ ಒಂದು ವಾರ ಮಾತು ಬಿಟ್ಟಿದ್ದರು. ಶಾಲೆಯಲ್ಲಿ ಕಣ್ಣು ಕಟ್ಟಿಕೊಂಡು ಯಾರ ಚೀಲ ಯಾರದೆಂದು ಹೇಳಿ ಪಂದ್ಯ ಗೆಲ್ಲುತ್ತಿದ್ದಳು. ದೊಡ್ಡ ಕಾಲೇಜಿನಲ್ಲಿ ಆಹಾರ ವಿಜ್ಞಾನ ಓದಿ, ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ಮೊದಲ ದಿನ ಮನೆಗೆ ಬಂದು ಅಲ್ಲಿ ಕಾಫಿಯನ್ನು ಹೇಗೆ ಕುಡಿಯಬೇಕೆಂದು ತೋರಿಸಿದಾಗ ತಾಯಿ ಹಣೆ ಚಚ್ಚಿಕೊಂಡಿದ್ದಳು. ಚಮಚದಿಂದ ಜೋರಾಗಿ ಸೊರ್ರೆಂದು ಎಳೆದು, ಬಾಯೆಲ್ಲ ಆಡಿಸಿ, ಪಕ್ಕದ ಪಾತ್ರೆಗೆ ಉಗುಳಬೇಕು. "ಹೀಗೆ ಸೊರ್ ಅಂತ ಕುಡಿದ್ರೆ ಸಣ್ಣವಳಿದ್ದಾಗ ಹೊಡೀತಿದ್ದೆ," ಎಂದಿದ್ದಳು ತಾಯಿ. "ಅಷ್ಟು ಫೀಸು ಕಟ್ಟಿ ಓದಿಸಿದ್ದು ಅದನ್ನೇ ಕಲಿಯೋಕಾ?"

ರುಚಿ ಕೋಣೆಯಲ್ಲಿ ಬೆಳಕು ಒಂದೇ ಕಡೆಯಿಂದ ಬೀಳುತ್ತಿತ್ತು. ಉದ್ದನೆಯ ಮೇಜು, ಅದರ ಮೇಲೆ ಸಾಲಾಗಿ ಬಿಳಿ ಬಟ್ಟಲು, ಕೊನೆಯಲ್ಲಿ ಕುದಿಯುವ ನೀರಿನ ಕೆಟಲು. ಹೂವು ಮುಡಿದು ಬರುವಂತಿಲ್ಲ, ಸೆಂಟು ಹಾಕುವಂತಿಲ್ಲ, ಮಧ್ಯಾಹ್ನ ಈರುಳ್ಳಿ ತಿಂದವರು ಸಂಜೆಯವರೆಗೆ ಹೊರಗೆ. ಗೋಡೆಯ ಮೇಲೆ ಕೊಕ್ಕೆಗಳು, ಕೊಕ್ಕೆಗೊಂದು ಚಮಚ. ಅಲ್ಲಿನವರು ಹಲ್ಲುಜ್ಜುವ ಬ್ರಷ್ಷನ್ನಾದರೂ ಎರವಲು ಕೊಟ್ಟಾರು, ಚಮಚ ಕೊಡರು. ಅವರವರ ತುಟಿಗೆ, ಅವರವರ ಉಸಿರಿಗೆ ಪಳಗಿದ್ದು ಅದು. ಮೊದಲ ಸಂಬಳದಲ್ಲಿ ಅವಳು ಕೊಂಡದ್ದು ಬಟ್ಟೆಯಲ್ಲ, ಚಿನ್ನವಲ್ಲ. ಗುಂಡಗೆ ಆಳವಾದ ಬಾಯಿಯ, ಕೈಗೆ ಭಾರ ತಾಗುವ ಒಂದು ಚಮಚ. ಬಾಗಿಲಿನ ಪಕ್ಕದ ಕೊಕ್ಕೆಗೆ ಅದನ್ನು ತೂಗುಹಾಕಿದ ದಿನ, ತನಗೂ ಈ ಲೋಕದಲ್ಲಿ ಒಂದು ಮೊಳೆ ಜಾಗ ಸಿಕ್ಕಿತೆಂದು ಹಿಗ್ಗಿದ್ದಳು.

ಆ ಕೋಣೆಯ ಒಡೆಯ ಮೂಗಯ್ಯ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಬೆನ್ನ ಹಿಂದೆ ಎಲ್ಲರೂ ಕರೆಯುತ್ತಿದ್ದದ್ದು ಇದನ್ನೇ. ಹಿರಿಯ ರುಚಿಗಾರ. ಸಾಲು ಬಟ್ಟಲುಗಳ ಮುಂದೆ ಮೆರವಣಿಗೆ ಹೊರಟವನಂತೆ ಸರಸರನೆ ನಡೆದು, ಬಿಸಿಬಿಸಿಯಾಗಿ ಎಳೆದು, ಉಗುಳಿ, ತೀರ್ಪು ಹೇಳಿಬಿಡುತ್ತಿದ್ದ. ಅವನು ಹೇಳಿದ ಮೇಲೆ ಉಳಿದವರ ನಾಲಿಗೆಗೆ ತಲೆಯಾಡಿಸುವ ಕೆಲಸ ಮಾತ್ರ. ಬಿಸಿ ಕಾಫಿ ಸುಳ್ಳು ಹೇಳುವುದಿಲ್ಲ ಎಂಬುದು ಅವನ ಮಂತ್ರ. ಬಟ್ಟಲು ಆರಿದ ಮೇಲೆ ಇನ್ನೊಮ್ಮೆ ನೋಡೋಣವೇ ಎಂದು ಅವಳು ಒಮ್ಮೆ ಕೇಳಿದಾಗ, ಆರಿದ ಕಾಫಿ ಕುಡಿಯುವುದೆಂದರೆ ಮುಗಿದ ಜಗಳಕ್ಕೆ ಮತ್ತೆ ಮುಖ ತೊಳೆದುಕೊಂಡು ಹೋದ ಹಾಗೆ ಎಂದು ಎಲ್ಲರನ್ನೂ ನಗಿಸಿದ್ದ. ಕಾರ್ಖಾನೆಯ ಯಜಮಾನಿಗೆ ಅವನ ಮಾತೇ ವೇದವಾಕ್ಯ. ಪಾಪ, ಆಕೆಗೂ ಬೇರೆ ದಾರಿ ಇರಲಿಲ್ಲ. ಹೊಟ್ಟೆಯಲ್ಲಿ ಹುಣ್ಣೆದ್ದು ಡಾಕ್ಟರು ಕಾಫಿಯನ್ನೇ ನಿಲ್ಲಿಸಿದ್ದರು. ಕಾಫಿ ಮಾರಿ ಬದುಕುವ ಹೆಂಗಸು ಬಿಸಿನೀರು ಕುಡಿದುಕೊಂಡು, ಕಂಡವರ ನಾಲಿಗೆ ನಂಬಿಕೊಂಡು ವ್ಯಾಪಾರ ಮಾಡುತ್ತಿದ್ದಳು.

ಇವಳ ಎದೆಯಲ್ಲಿ ಕಿಚ್ಚು ಹತ್ತಿದ್ದು ಬಸಿರು ತುಂಬುತ್ತಿದ್ದ ದಿನಗಳಲ್ಲಿ. ದಲ್ಲಾಳಿಯೊಬ್ಬ ಅಗ್ಗದ ಮಾಲಿನ ಮಾದರಿ ತಂದಿದ್ದ. ಯಜಮಾನಿಯೂ ಬಂದು ಕೂತಿದ್ದರು. ಬಸುರಿಯ ಮೂಗು ಆಗ ಕತ್ತಿಯ ಅಲಗಿನಂತಿತ್ತು. ಬಟ್ಟಲಿನ ಮೇಲೆ ಬಗ್ಗುವ ಮೊದಲೇ ಅವಳಿಗೆ ತಿಳಿದುಹೋಯಿತು. ಆಸ್ಪತ್ರೆಯ ವರಾಂಡದ ವಾಸನೆ. ಗಾಯ ತೊಳೆಯುವ ನೀರಿನದು. ಕೆಲವು ಬೀಜಗಳಿಗೆ ಒಣಗುವಾಗಲೋ ಗೋದಾಮಿನಲ್ಲೋ ಹೀಗೆ ಹಿಡಿಯುತ್ತದೆ, ಹಿಡಿದರೆ ಬಿಡುವುದಿಲ್ಲ. ಈ ಮಾಲು ಬೇಡ, ಆಸ್ಪತ್ರೆ ಹಿಡಿದಿದೆ ಎಂದಳು. ಮೂಗಯ್ಯ ಅಷ್ಟರಲ್ಲಿ ಆ ಬಟ್ಟಲನ್ನು ದಾಟಿ, ಒಳ್ಳೆಯದು ಎಂದು ಹೇಳಿಯಾಗಿತ್ತು. ಅವನು ತಿರುಗಿ ನೋಡಿದ. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಎಷ್ಟೋ ವಾಸಿ ಇತ್ತು.

"ಬಸುರಿ ಮೂಗು ನಂಬ್ಕೊಂಡು ವ್ಯಾಪಾರ ಮಾಡೋಕಾಗತ್ತೇನಮ್ಮಾ?" ಎಂದ. "ಇವತ್ತು ಆಸ್ಪತ್ರೆ ಅಂತೀಯ, ನಾಳೆ ಮಾವಿನಕಾಯಿ ಬೇಕು ಅಂತೀಯ. ಹೋಗಿ ಸ್ವಲ್ಪ ಹೊತ್ತು ಮಲಗು."

ದಲ್ಲಾಳಿ ನಕ್ಕ. ಕೋಣೆಯವರೆಲ್ಲ ನಕ್ಕರು. ಯಜಮಾನಿಯೂ ಬಿಸಿನೀರಿನ ಲೋಟದ ಹಿಂದೆ ಮುಗುಳ್ನಕ್ಕರು. ಆ ಕಿರುನಗೆ ಅವಳನ್ನು ಸುಟ್ಟಷ್ಟು ಬೇರೆ ಯಾವ ನಗುವೂ ಸುಡಲಿಲ್ಲ. ಮಾಲು ಮೂಟೆಮೂಟೆಯಾಗಿ ಗೋದಾಮು ಸೇರಿತು. ಅವಳು ರಜೆ ಹಾಕಿ ಮನೆ ಸೇರಿದಳು. ಅವಳ ಜಾಗದಲ್ಲಿ, ಸ್ವಲ್ಪ ದಿನಕ್ಕೆ ಅಂತ, ಮೂಗಯ್ಯನ ತಂಗಿಯ ಮಗ ಬಂದು ಕೂತ. ಸ್ವಲ್ಪ ದಿನಕ್ಕೆಂದು ಕೂತವರು ಎದ್ದದ್ದನ್ನು ಯಾರು ಕಂಡಿದ್ದಾರೆ?

ಹೆರಿಗೆಯಾಗಿ ತಿಂಗಳಾದ ಮೇಲೆ, ಹುರಿಯುವ ಯಂತ್ರ ನೋಡಿಕೊಳ್ಳುವ ಅಕ್ಕ ಮಗುವಿಗೊಂದು ಟೊಪ್ಪಿಗೆ ತಂದಿದ್ದಳು. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, ಹೇಳಬೇಕೋ ಬೇಡವೋ ಎಂಬಂತೆ ಒಂದು ಮಾತು ಹೇಳಿದಳು. "ನಿನ್ ಚಮಚ ಈಗ ಕೊಕ್ಕೆಯಲ್ಲಿಲ್ಲ ಕಣೇ. ಸಕ್ಕರೆ ಡಬ್ಬೀಲಿದೆ. ಬಂದೋರಿಗೆ ಟೀ ಕಲಸೋಕೆ ಇರಲಿ ಅಂತ ಮೂಗಯ್ಯನೇ ಹಾಕ್ಸಿದ್ದು."

ಅಕ್ಕನನ್ನು ಕಳಿಸಿ ಅವಳು ಬಾಗಿಲು ಹಾಕಿ ಚಿಲಕ ಭದ್ರವಾಗಿದೆಯೇ ಎಂದು ಮತ್ತೆ ಮತ್ತೆ ನೋಡಿದಳು. ಗಂಡನಿಗೆ ರಾತ್ರಿ ಊಟಕ್ಕೆ ಬಡಿಸುತ್ತಾ ಹೇಳಿದರೆ, ಇನ್ನೊಂದು ಚಮಚ ತಗೊಂಡರಾಯಿತು ಎಂದುಬಿಟ್ಟ. ಅವನ ತಪ್ಪಲ್ಲ. ಯಾರದೋ ಕನ್ನಡಕವನ್ನು ಯಾರೋ ಬೆನ್ನು ತುರಿಸಿಕೊಳ್ಳಲು ಬಳಸಿದರೆ ಅವನಿಗೆ ಅರ್ಥವಾಗುತ್ತಿತ್ತೇನೋ.

ಅಲ್ಲಿಂದ ಮುಂದೆ ತೊಟ್ಟಿಲು ತೂಗುವ ಕೈಗೆ ಎರಡು ಕೆಲಸ. ಮಗುವಿನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ಆಡುತ್ತಿದೆಯೇ ಎಂದು ನೋಡುವುದು ಒಂದು, ಮೂಗಯ್ಯನ ಉಸಿರು ಹೇಗೆ ಕಟ್ಟಿಸಲಿ ಎಂದು ಯೋಚಿಸುವುದು ಇನ್ನೊಂದು. ಅವನಿಗೆ ಬಿಡದ ನೆಗಡಿ ಬರಲಿ. ಯಜಮಾನಿ ಎದುರು ನಿಂತಾಗಲೇ ಬರಲಿ. ಸೋಪಿನ ನೀರಿಗೂ ಕಾಫಿಗೂ ವ್ಯತ್ಯಾಸ ತಿಳಿಯದೆ, ಒಳ್ಳೆಯದು ಎಂದು ಹೇಳುವಂತಾಗಲಿ. ಬಟ್ಟೆ ಹಿಂಡುವಾಗ ಅವಳ ಕೈ ಸುಮ್ಮನೆ ಬಟ್ಟೆಯನ್ನು ಹಿಂಡುತ್ತಿರಲಿಲ್ಲ. ಜೋಗುಳದ ರಾಗದಲ್ಲಿ, ಜೋ ಜೋ ಕಂದಾ, ಮೂಗಯ್ಯನ ಮೂಗು ಕಟ್ಟಲಿ ಜೋ ಜೋ, ಎಂದು ಗುನುಗುತ್ತಿದ್ದದ್ದು ಅತ್ತೆಯ ಕಿವಿಗೆ ಬಿದ್ದು, ಮಗುವಿನ ಕಿವಿಯಲ್ಲಿ ಶಾಪ ಹಾಕಬಾರದು, ಹಾಕುವುದಿದ್ದರೆ ಬಚ್ಚಲಿಗೆ ಹೋಗಿ ಹಾಕು ಎಂದು ಗದರಿದರು. ಯಾರಿಗೆ, ಯಾಕೆ ಎಂದು ಕೇಳಿದರು. ಅವಳು ಎಲ್ಲವನ್ನೂ ಹೇಳಿದಳು. ಚಮಚದ ಮಾತು ಬಂದಾಗ ಅತ್ತೆ ದೀಪದ ಬತ್ತಿ ಇಳಿಸಿದಂತೆ ಮುಖ ಸಣ್ಣದು ಮಾಡಿಕೊಂಡರು. ತಾನು ಮದುವೆಯಾಗಿ ಬಂದಾಗ ತನ್ನ ತವರಿನ ಬಾಚಣಿಗೆಯಲ್ಲಿ ನಾದಿನಿ ನಾಯಿಗೆ ಬಾಚಿದ್ದನ್ನು ನೆನೆದು, ಇವತ್ತಿಗೂ ಅವಳ ಮನೆಯಲ್ಲಿ ನೀರು ಕುಡಿಯುವುದಿಲ್ಲ ಎಂದರು.

ಹೀಗಿರುವಾಗ ಒಂದು ಬೆಳಿಗ್ಗೆ ಪೊಟ್ಟಣ ಬಂತು.

ಹೊಸ ಕಾಫಿ ಮಾರುಕಟ್ಟೆಗೆ ಹೋಗುವ ಮೊದಲು ಯಜಮಾನಿ ಅದನ್ನು ಕೆಲವು ಮನೆಗಳಿಗೆ ಕಳಿಸುವುದು ರೂಢಿ. ತನಗಂತೂ ಕುಡಿಯಲು ಆಗದು. ಮನೆಯ ನೀರಿನಲ್ಲಿ, ಮನೆಯ ಲೋಟದಲ್ಲಿ ಹೇಗಿರುತ್ತದೆಂದು ಕುಡಿದವರು ನೇರವಾಗಿ ತನಗೇ ಫೋನ್ ಮಾಡಿ ಹೇಳಬೇಕು. ಈ ಸಲದ ಪಟ್ಟಿಯಲ್ಲಿ ರಜೆಯಲ್ಲಿರುವವಳೂ ಇದ್ದಳು. ಕಪ್ಪು ಪೊಟ್ಟಣ, ಮೇಲೆ ಬಂಗಾರದ ಬಣ್ಣದಲ್ಲಿ 'ಗಂಡೆದೆ' ಎಂದು ಅಚ್ಚು. ಗಾಢವಾಗಿ ಹುರಿದದ್ದು, ದಿಟ್ಟ ರುಚಿ, ಹಿಂಜರಿಯುವವರಿಗಲ್ಲ ಎಂದೆಲ್ಲ ಕೆಳಗೆ ಬರೆದಿತ್ತು.

ಪೊಟ್ಟಣದ ಬೆನ್ನಿಗೇ ಮೂಗಯ್ಯನ ಫೋನು ಬಂತು. ಮಗು ಹೇಗಿದೆ, ಹಾಲು ಕುಡಿಯುತ್ತಿದೆಯೇ ಎಂದೆಲ್ಲ ಸಕ್ಕರೆ ಸುರಿದ. ಈ ಗಂಡೆದೆ ತನ್ನದೇ ಕೈಚಳಕ, ನಿವೃತ್ತನಾಗುವ ಮೊದಲು ಯಜಮಾನಿಗೆ ಕೊಡುವ ಕೊನೆಯ ಕಾಣಿಕೆ ಎಂದ. ನಾಳೆ ಎಲ್ಲರೂ ಸೇರಿ ಒಪ್ಪಿಗೆ ಕೊಡುವುದಿದೆಯಂತೆ. ಆಮೇಲೆ ವಿಷಯಕ್ಕೆ ಬಂದ. "ಉದ್ದುದ್ದ ಏನೂ ಬೇಡ. ಚೆನ್ನಾಗಿದೆ ಅಂತ ಒಂದು ಮಾತು ಹೇಳು ಸಾಕು. ನಿನ್ನ ಜಾಗದ ಬಗ್ಗೆನೂ ನಾನು ಮಾತಾಡ್ತೀನಿ. ಮತ್ತೆ, ಹಾಲು ಸಕ್ಕರೆ ಧಾರಾಳವಾಗಿ ಹಾಕ್ಕೊಂಡು ಕುಡಿಯಮ್ಮ. ಬಾಣಂತಿ ನಾಲಿಗೆಗೆ ಕಹಿ ಆಗಿಬರಲ್ಲ."

ಹೂಂ ಸಾರ್ ಎಂದಳು. ಫೋನಿಟ್ಟು, ಆ ಹೂಂ ಎಂದ ಬಾಯನ್ನು ನೀರಿನಿಂದ ಮುಕ್ಕಳಿಸಿದಳು.

ಮಗು ಮಲಗಿದ ಮೇಲೆ ಮೇಜು ಒರೆಸಿ, ಬಿಳಿ ಬಟ್ಟಲು ತೊಳೆದು, ಪೊಟ್ಟಣ ಕತ್ತರಿಸಿದಳು. ಕಾಳುಗಳು ಎಣ್ಣೆ ಬಿಟ್ಟು ಜೀರುಂಡೆಯ ಬೆನ್ನಿನಂತೆ ಹೊಳೆಯುತ್ತಿದ್ದವು. ಪುಡಿ ಮಾಡಿ, ಬಟ್ಟಲಿಗೆ ಹಾಕಿ, ಕುದಿದ ನೀರು ಹೊಯ್ದಳು. ಮೇಲೆ ಕಟ್ಟಿದ ಕೆನೆಯಂಥ ಪದರವನ್ನು ಅಡುಗೆಮನೆಯ ಸಾಧಾರಣ ಚಮಚದಿಂದ ಒಡೆದು, ಮೂಗನ್ನು ಬಟ್ಟಲಿಗೆ ತಾಗಿಸುವಷ್ಟು ಬಗ್ಗಿದಳು. ಹೊಗೆ. ಕಪ್ಪಾಗುವವರೆಗೆ ಕಾಯಿಸಿದ ಸಕ್ಕರೆ. ಆರುತ್ತಿರುವ ಇದ್ದಿಲು. ಸೊರ್ರೆಂದು ಎಳೆದಳು. ದಪ್ಪವಾಗಿ, ನಾಲಿಗೆಯ ಮೇಲೆ ಕಂಬಳಿ ಹೊದಿಸಿದಂತೆ ಕೂತಿತು. ಕಹಿ ಗಟ್ಟಿ ಇತ್ತು, ಆದರೆ ಕಚ್ಚುವ ಕಹಿಯಲ್ಲ, ಬೆನ್ನು ತಟ್ಟುವ ಕಹಿ. ನುಂಗಿದ ಮೇಲೆ ಗಂಟಲಲ್ಲಿ ಕೊಂಚ ಸಿಹಿಯೂ ಉಳಿಯಿತು.

ಚೆನ್ನಾಗಿತ್ತು. ಅದೇ ಸಂಕಟ. ಶತ್ರುವಿನ ಮಗಳು ಸುಂದರಿಯಾಗಿರಬಹುದು, ಶತ್ರುವಿನ ಮನೆ ದೊಡ್ಡದಿರಬಹುದು. ಆದರೆ ಶತ್ರು ಹುರಿದ ಕಾಫಿ ಚೆನ್ನಾಗಿರುವುದನ್ನು ಅವಳಿಂದ ಸಹಿಸಲು ಆಗಲಿಲ್ಲ. ಇನ್ನೊಂದು ಸಲ ಎಳೆಯುವಷ್ಟರಲ್ಲಿ ಮಗು ಎದ್ದಿತು. ಎತ್ತಿಕೊಂಡು, ಹಾಲು ಕುಡಿಸಿ, ತೇಗು ಬರಿಸಿ, ತೇಗಿನ ಜೊತೆ ಬಂದದ್ದನ್ನು ಒರೆಸಿ, ಬಟ್ಟೆ ಬದಲಾಯಿಸಿ, ಜ್ವರವೇನಾದರೂ ಇದೆಯೇ ಎಂದು ಹಣೆ, ಕತ್ತು, ಅಂಗಾಲು ಮುಟ್ಟಿ ನೋಡಿ, ಮತ್ತೆ ಮಲಗಿಸುವ ಹೊತ್ತಿಗೆ ಕಾಫಿ ಆರಿ ತಣ್ಣಗಾಗಿತ್ತು. ತಾಯಿಯಾದಾಗಿನಿಂದ ಅವಳು ಬಿಸಿಯಾಗಿ ಕುಡಿದದ್ದೇ ಇಲ್ಲ. ಅಭ್ಯಾಸದ ಮೇಲೆ, ಚೆಲ್ಲುವ ಬದಲು ಆ ತಣ್ಣನೆಯದನ್ನೇ ಬಾಯಿಗೆ ಹೊಯ್ದುಕೊಂಡಳು.

ಹೊಯ್ದುಕೊಂಡವಳು ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ಹಾಗೆಯೇ ನಿಂತುಬಿಟ್ಟಳು.

ಆಸ್ಪತ್ರೆಯ ವರಾಂಡ.

ಅದೇ. ಗಾಯ ತೊಳೆಯುವ ನೀರು, ಒದ್ದೆ ಹತ್ತಿ. ಗೋದಾಮಿನ ಮೂಲೆಯಲ್ಲಿದ್ದ ಆ ಅಗ್ಗದ ಮಾಲಿನ ಮೂಟೆಗಳು ಖಾಲಿಯಾದವು ಎಂದು ಹುರಿಯುವ ಅಕ್ಕ ಮೊನ್ನೆ ಫೋನಿನಲ್ಲಿ ಮಾತಿನ ಮಧ್ಯೆ ಅಂದಿದ್ದು ಈಗ ನೆನಪಾಯಿತು. ಹಾಗಾದರೆ ಮಾಲು ಕೆಟ್ಟಿದೆ ಎಂದು ಅವನಿಗೂ ಆಮೇಲೆ ತಿಳಿದಿರಬೇಕು. ಅತ್ತು ಕೆಂಪಾದ ಕಣ್ಣಿಗೆ ಕಾಡಿಗೆ ಬಳಿದಂತೆ, ಕಪ್ಪಾಗುವ ತನಕ ಹುರಿದು ಮುಚ್ಚಿದ್ದಾನೆ. ಬಿಸಿ ಇರುವಾಗ ಹೊಗೆಯೂ ಕಹಿಯೂ ಮುಂದೆ ನಿಂತು ಅದನ್ನು ಅಡಗಿಸುತ್ತವೆ. ಆರಿದ ಕಾಫಿಯನ್ನು ಅವನು ಜನ್ಮದಲ್ಲಿ ಕುಡಿದವನಲ್ಲ. ತನ್ನ ಕಾಡಿಗೆ ಕರಗುತ್ತದೆಂದು ಅವನಿಗೆ ಗೊತ್ತೇ ಇಲ್ಲ.

ಸಿಕ್ಕಿಬಿದ್ದ, ಮುದಿಗೂಬೆ, ಸಿಕ್ಕಿಬಿದ್ದ. ಆದರೆ ಸಂತೋಷ ಅವಳ ಬಳಿ ಹೆಚ್ಚು ಹೊತ್ತು ಕೂರುವ ನೆಂಟನಲ್ಲ. ಕಣ್ಣು ತೊಟ್ಟಿಯ ಕೆಳಗಿದ್ದ ಬಕೆಟ್ಟಿನ ಮೇಲೆ ಬಿತ್ತು. ಮಗುವಿನ ಬಟ್ಟೆಗಳನ್ನು ಅತ್ತೆ ಅದರಲ್ಲಿ ನೆನೆಹಾಕಿದ್ದರು. ನೀರಿಗೆ ಒಂದು ಮುಚ್ಚಳ ಕ್ರಿಮಿನಾಶಕ ಔಷಧಿ. ಅದೇ ಗಾಯ ತೊಳೆಯುವ ಔಷಧಿ. ಈ ಮನೆಯಲ್ಲಿ ಈಗ ಎಲ್ಲಕ್ಕೂ ಅದೇ ವಾಸನೆ. ಅವಳ ಕೈಗೂ. ಬಟ್ಟಲಿಗೂ ಇರಬಹುದು. ಇಲ್ಲವೇ ಹಾಲು ಸೀದದ್ದೇ ತಿಳಿಯದ ಮೂಗು, ತನಗೆ ಬೇಕಾದ ವಾಸನೆಯನ್ನು ತಾನೇ ಹುಟ್ಟಿಸಿಕೊಂಡಿರಬಹುದು. ಸೇಡಿಗೆ ಕಣ್ಣಿಲ್ಲ ಅನ್ನುತ್ತಾರೆ. ಮೂಗು ಇದೆಯೆಂದು ಯಾರು ಹೇಳಿದರು?

ಬಕೆಟ್ಟನ್ನು ಮೇಲಿನ ತಾರಸಿಗೆ ಸಾಗಿಸಿದಳು. ಕಿಟಕಿಗಳನ್ನು ತೆರೆದಳು. ಕೈಯನ್ನು ಬರೀ ನೀರಿನಲ್ಲಿ ತೊಳೆದು ತೊಳೆದು ಚರ್ಮ ಸುಕ್ಕಾಯಿತು. ಆಮೇಲೆ ಅತ್ತೆಯನ್ನು ಕರೆದು, ರುಚಿ ಕೋಣೆಯಲ್ಲಿ ಅನುಮಾನ ಬಂದಾಗ ಮಾಡುವ ಪರೀಕ್ಷೆಯನ್ನು ವಿವರಿಸಿದಳು. ಮೂರು ಬಟ್ಟಲು. ಎರಡಕ್ಕೆ ಒಂದೇ ಕಾಫಿ, ಮೂರನೆಯದಕ್ಕೆ ಬೇರೆ. ಯಾವುದು ಎಲ್ಲಿ ಎಂದು ಕುಡಿಯುವವಳಿಗೆ ಗೊತ್ತಿರಬಾರದು. ಬೇರೆಯಾದದ್ದನ್ನು ಅವಳು ಹುಡುಕಿ ತೆಗೆಯಬೇಕು. ಮನೆಯಲ್ಲಿ ಹಳೆಯ ಒಳ್ಳೆಯ ಕಾಫಿ ಒಂದಿಷ್ಟು ಇತ್ತು. ಅದನ್ನು ಒಂದಕ್ಕೆ, ಗಂಡೆದೆಯನ್ನು ಎರಡಕ್ಕೆ ಹಾಕಿ, ಪೂರ್ತಿ ಆರಿದ ಮೇಲೆ ಕರೆಯಬೇಕು. ಆ ತನಕ ತಾನು ಮಗುವಿನ ಜೊತೆ ಒಳಗೆ.

"ಕಣ್ಣಾಮುಚ್ಚಾಲೆ ಅನ್ನು," ಎಂದರು ಅತ್ತೆ. ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ನಡೆದರು.

ಕರೆ ಬಂದಾಗ ಅವಳು ಮಗುವನ್ನು ತೊಟ್ಟಿಲಿಗೆ ಹಾಕಿ ಬಂದಳು. ಮೇಜಿನ ಮೇಲೆ ಮೂರು ಬಟ್ಟಲು, ಒಂದೇ ಬಣ್ಣ. ಮೊದಲನೆಯದನ್ನು ಎಳೆದಳು. ಆಸ್ಪತ್ರೆ. ಬಾಯಿ ತೊಳೆದು ಎರಡನೆಯದು. ಆಸ್ಪತ್ರೆ. ಮೂರನೆಯದು. ಅದೂ. ಮತ್ತೆ ಮೊದಲಿನಿಂದ. ಕೊನೆಯಿಂದ ಹಿಂದಕ್ಕೆ. ಒಳ್ಳೆಯ ಕಾಫಿ ಎಲ್ಲಿ ಹೋಯಿತು? ಹುಡುಕಿದಷ್ಟೂ ಅದೇ ವರಾಂಡ, ಅದೇ ಒದ್ದೆ ಹತ್ತಿ.

ಚಮಚ ಕೆಳಗಿಟ್ಟು ಅವಳು ನೆಲದ ಮೇಲೆ ಕುಸಿದಳು. ಮುಗಿಯಿತು. ಕಾಫಿಯಲ್ಲಿ ಏನೂ ಇಲ್ಲ, ಮೂಗೇ ಹಾಳಾಗಿದೆ. ಅಥವಾ ಮನೆಯೇ ಅಂಟಿಕೊಂಡಿದೆ. ಮೂಗಯ್ಯ ಹೇಳಿದ್ದು ನಿಜ. ನಕ್ಕವರೆಲ್ಲ ನಕ್ಕದ್ದು ಸರಿ. ಚಮಚ ಸಕ್ಕರೆ ಡಬ್ಬಿಯಲ್ಲೇ ಇರಲಿ, ಅದಕ್ಕೆ ಅದೇ ತಕ್ಕ ಜಾಗ. ಕಣ್ಣಿಂದ ನೀರು ಸುರಿಯಿತು.

"ಮೂರೂ ಒಂದೇ ಅತ್ತೆ," ಎಂದಳು. "ನಂಗೆ ವ್ಯತ್ಯಾಸನೇ ಗೊತ್ತಾಗ್ತಿಲ್ಲ."

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಕದ್ದು ತಿಂದು ಸಿಕ್ಕಿಬಿದ್ದ ಮಗುವಿನ ಮುಖವಾಗಿತ್ತು ಅವರದು.

"ಅಳಬೇಡ ಕಣೇ. ಮೂರೂ ಒಂದೇನೇ."

"ಅಂದ್ರೆ?"

"ಒಳ್ಳೆ ಕಾಫಿ ಡಬ್ಬೀಲಿ ಇದ್ದಿದ್ದೇ ಸ್ವಲ್ಪ. ನೀನು ಸೊರ್ ಅಂತ ಎಳೆದು ಉಗುಳ್ತೀಯ. ಉಗುಳೋಕೆ ಯಾಕೆ ಒಳ್ಳೇದು ಹಾಕೋದು ಅಂತ, ಮೂರಕ್ಕೂ ಆ ಗಂಡೆದೆನೇ ಹಾಕಿದೆ. ನಿಂಗೆಲ್ಲಿ ಗೊತ್ತಾಗತ್ತೆ ಅಂದ್ಕೊಂಡೆ."

ಅವಳು ನೆಲದ ಮೇಲಿಂದಲೇ ಅತ್ತೆಯನ್ನು ನೋಡಿದಳು. ಜಗತ್ತಿನ ಯಾವ ರುಚಿ ಕೋಣೆಯಲ್ಲೂ ಯಾರೂ ಮಾಡದ ತಪ್ಪು ಅದು. ಮನೆ ನಡೆಸಿದ ಹೆಂಗಸು ಮಾತ್ರ ಮಾಡಬಲ್ಲ ತಪ್ಪು. ಮೂರೂ ಒಂದೇ ಎಂದು ಅವಳ ಮೂಗು ಹೇಳಿತ್ತು. ಮೂರೂ ಒಂದೇ ಆಗಿತ್ತು. ಅಳು ನಿಲ್ಲುವ ಮೊದಲೇ ನಗು ಬಂದು, ಎರಡೂ ಸೇರಿ ಬಿಕ್ಕಳಿಕೆಯಾಯಿತು.

ಎರಡನೆಯ ಸಲ ಅತ್ತೆ ನೇಮಬದ್ಧವಾಗಿ ಒಳ್ಳೆಯ ಕಾಫಿಯನ್ನು ಒಂದು ಬಟ್ಟಲಿಗೆ ಹಾಕಿದರು. ಆರುವವರೆಗೆ ಇಬ್ಬರೂ ಕಾದರು. ಅವಳು ಎಳೆದಳು, ಉಗುಳಿದಳು, ಎಳೆದಳು. ನಡುವಿನ ಬಟ್ಟಲನ್ನು ಮುಂದಕ್ಕೆ ತಳ್ಳಿದಳು. ಇದರಲ್ಲಿ ಮಾತ್ರ ಆಸ್ಪತ್ರೆ ಇಲ್ಲ. ಅತ್ತೆ ತಲೆಯಾಡಿಸಿದರು. ಅದೇ ಮನೆ, ಅದೇ ನೀರು, ಅದೇ ಕೈ. ಬಕೆಟ್ಟಿನ ತಪ್ಪಲ್ಲ, ಮೂಗಿನ ತಪ್ಪಲ್ಲ. ಅನುಮಾನ ಪರಿಹಾರಕ್ಕೆಂದು ಅತ್ತೆಯೂ ಪಕ್ಕದ ಬಟ್ಟಲಿನಿಂದ ಒಂದು ಗುಟುಕು ಕುಡಿದರು. ಅರ್ಧ ಲೋಟ ಹಾಲು, ಎರಡು ಚಮಚ ಸಕ್ಕರೆ ಇಲ್ಲದೆ ಕಾಫಿಯನ್ನು ಮುಟ್ಟದವರು ಅವರು. ಮುಖ ಕಿವುಚಿತು.

"ಥೂ. ಮಂಡಿ ತರಚಿದ್ರೆ ಹಚ್ಚೋದನ್ನ ಪೊಟ್ಟಣ ಕಟ್ಟಿ ಮಾರ್ತಾರಲ್ಲೇ ಇವರು."

ಅತ್ತೆಯ ನಾಲಿಗೆಗೂ ಸಿಕ್ಕಿದ್ದು ಯಾರ ನಾಲಿಗೆಗೆ ಸಿಗುವುದಿಲ್ಲ? ಆರಲು ಬಿಟ್ಟರೆ ಸಾಕು. ಮನೆಮನೆಯಲ್ಲೂ ಮಗು ಅಳುತ್ತದೆ, ಫೋನು ಬರುತ್ತದೆ, ಬಾಗಿಲಿಗೆ ಯಾರೋ ಬರುತ್ತಾರೆ. ಮನೆಮನೆಯಲ್ಲೂ ಕಾಫಿ ಆರುತ್ತದೆ. ಗಂಡೆದೆ ಅಂಗಡಿಗೆ ಹೋದ ವಾರದಲ್ಲೇ ಪೊಟ್ಟಣಗಳು ಹಿಂದೆ ಬರುತ್ತವೆ. ಮೂಗಯ್ಯನ ಮೂಗು ಊರ ಬಾಯಿಗೆ ಬೀಳುತ್ತದೆ. ಮತ್ತು ಅದಕ್ಕೆ ಅವಳು ಮಾಡಬೇಕಾದದ್ದು ಏನೂ ಇಲ್ಲ. ಯಜಮಾನಿಗೆ ಫೋನ್ ಮಾಡಿ, ಅವನು ಹೇಳಿಕೊಟ್ಟ ಒಂದೇ ಮಾತು ಹೇಳುವುದು. ಚೆನ್ನಾಗಿದೆ. ಜಾಗವೂ ಸಿಗುತ್ತದೆ, ಅವನ ಬೀಳುವಿಕೆಯೂ ಸಿಗುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದರೆ ಇದೇ ತಾನೇ?

ಅತ್ತೆಗೂ ಅದೇ ಸರಿ ಎನ್ನಿಸಿತು. ಹೇಳಿಬಿಡು ಚೆನ್ನಾಗಿದೆ ಅಂತ, ತಾನು ತೋಡಿದ ಗುಂಡಿಯಲ್ಲಿ ತಾನೇ ಬೀಳಲಿ ಎಂದು, ಮಗುವಿನ ಕಾಲು ಒತ್ತುತ್ತಾ, ಬಹಳ ಶಾಂತವಾಗಿ ಹೇಳಿದರು.

ಅವಳು ಆ ಬೀಳುವಿಕೆಯನ್ನು ಬಾಯಲ್ಲಿಟ್ಟು ಚಪ್ಪರಿಸಿದಳು. ಬಿಸಿಯಾಗಿದ್ದಾಗ ರುಚಿಯಾಗಿತ್ತು. ಆದರೆ ಸ್ವಲ್ಪ ಹೊತ್ತು ಹಾಗೇ ಬಿಟ್ಟು ನೋಡಿದಾಗ ಅದರ ಅಡಿಯಿಂದಲೂ ಒಂದು ವಾಸನೆ ಎದ್ದಿತು. ಪೊಟ್ಟಣಗಳು ಹಿಂದೆ ಬಂದ ದಿನ ಮೂಗಯ್ಯ ಏನು ಹೇಳುತ್ತಾನೆ? ಮನೆಗಳಿಗೆ ಕಳಿಸಿದ್ದೆವಲ್ಲ, ಎಲ್ಲರೂ ಚೆನ್ನಾಗಿದೆ ಅಂದರು. ಅವಳೂ ಅಂದಳು, ಕೇಳಿ ನೋಡಿ. ಹೆತ್ತ ಮೇಲೆ ಹೆಂಗಸರ ನಾಲಿಗೆ ಕೆಡುತ್ತದೆ ಅಂತ ನಾನು ಮೊದಲೇ ಹೇಳಿರಲಿಲ್ಲವೇ? ಅವನು ಮುಳುಗುವಾಗ ಅವಳ ಜುಟ್ಟು ಹಿಡಿದುಕೊಂಡೇ ಮುಳುಗುತ್ತಾನೆ. ತನ್ನ ನಾಲಿಗೆ ಸರಿ ಇದೆಯೆಂದು ಇವತ್ತು ತಾನೇ ಕಂಡುಕೊಂಡು, ಅದೇ ನಾಲಿಗೆಯಿಂದ ಸುಳ್ಳು ಹೇಳಿ ಅದನ್ನು ಕೊಲ್ಲುವುದೇ?

ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿತ್ತು. ಅವನು ಬೀಳುವಾಗ ಅವಳು ಇಲ್ಲಿ ತೊಟ್ಟಿಲ ಪಕ್ಕದಲ್ಲಿರುತ್ತಾಳೆ. ಬಿದ್ದನಂತೆ ಎಂದು ಯಾರೋ ಚಪ್ಪಲಿ ಮೆಟ್ಟುತ್ತಾ ಹೇಳಿಹೋಗುತ್ತಾರೆ. ಅಂತೆಕಂತೆಯಲ್ಲಿ ಎಂಥ ಸುಖ? ಅವಳಿಗೆ ಅವನ ಮುಖ ಬೇಕಿತ್ತು. ಆ ಕೋಣೆಯಲ್ಲಿ, ಅದೇ ಬೆಳಕಿನಲ್ಲಿ, ನಕ್ಕವರೆಲ್ಲ ಸಾಲಾಗಿ ನಿಂತಿರಬೇಕು. ಆರಿದ ಬಟ್ಟಲು ಅವನ ಮುಂದೆ ಇರಬೇಕು. ತನ್ನ ಬಾಯಿಂದಲೇ ಅವನು ತನ್ನ ತೀರ್ಪನ್ನು ಉಗುಳಬೇಕು. ಉಗುಳಲಾರದೆ ನುಂಗಿದರೆ ಇನ್ನೂ ಒಳ್ಳೆಯದು.

ಫೋನು ಕೈಗೆತ್ತಿಕೊಂಡಳು. ಇಟ್ಟಳು. ಯಜಮಾನಿ ಊಟಕ್ಕೆ ಕೂತಿರಬಹುದು. ಮತ್ತೆ ಎತ್ತಿಕೊಂಡಳು. ಊಟವಾಗಿ ಮಲಗಿರಬಹುದು. ತನ್ನನ್ನು ನಂಬದೆ ಮೂಗಯ್ಯನನ್ನೇ ಕರೆದು ಕೇಳಿಬಿಟ್ಟರೆ? ಅವನು ನಕ್ಕುಬಿಟ್ಟರೆ? ಮಾತಿನ ಮಧ್ಯೆ ಮಗು ಅತ್ತರೆ? ನಾಳೆ ಹೋದರೆ ಮಗುವಿಗೆ ಗಾಳಿ ತಾಗಿ ಶೀತವಾದರೆ, ಆ ಶೀತ ಎದೆಗಿಳಿದರೆ? ಫೋನನ್ನು ದಿಂಬಿನ ಕೆಳಗಿಟ್ಟು ಒಲೆ ಆರಿದೆಯೇ ಎಂದು ನೋಡಿ ಬಂದಳು. ಬಾಗಿಲ ಚಿಲಕ ನೋಡಿ ಬಂದಳು. ಅತ್ತೆ ಅವಳ ಓಡಾಟವನ್ನು ಸ್ವಲ್ಪ ಹೊತ್ತು ನೋಡಿ, ದಿಂಬಿನ ಕೆಳಗಿನಿಂದ ಫೋನು ತೆಗೆದು ಕೈಗಿಟ್ಟರು.

"ಬಾಚಣಿಗೆ ವಿಷಯ ನಾನು ಆವತ್ತೇ ಕೇಳಿದ್ರೆ ಚೆನ್ನಾಗಿತ್ತು," ಎಂದರು. "ಈಗ ನಾದಿನಿಗೂ ಹಲ್ಲಿಲ್ಲ, ನಾಯಿನೂ ಇಲ್ಲ. ಮಾಡು."

ಮಾಡಿದಳು. ಆ ಕಡೆ ಗಂಟೆ ಬಾರಿಸುತ್ತಿದ್ದಾಗ ಅವಳ ಕಣ್ಣು ಮೇಜಿನ ಮೇಲಿನ ಬಟ್ಟಲುಗಳ ಮೇಲಿತ್ತು. ಯಜಮಾನಿಯ ಧ್ವನಿ ಬಂತು, ಸ್ವಲ್ಪ ನಿದ್ದೆಗಣ್ಣಿನದು. ಮಗು ಹೇಗಿದೆ ಎಂದರು. ಆಮೇಲೆ, ಹೇಗಿದೆಯಮ್ಮ ನಮ್ಮ ಗಂಡೆದೆ, ಎಲ್ಲರೂ ಚೆನ್ನಾಗಿದೆ ಅಂತಿದ್ದಾರೆ ಎಂದರು.

"ಬಿಸಿ ಇರುವಾಗ ಚೆನ್ನಾಗಿದೆ ಮೇಡಂ," ಎಂದಳು. ಯಾರನ್ನೂ ದೂರಲಿಲ್ಲ. ನಾಳೆ ಒಪ್ಪಿಗೆ ಕೊಡುವ ಮೊದಲು ಒಂದು ಕೆಲಸ ಮಾಡಿಸಿ ಎಂದಳು. ಬೆಳಿಗ್ಗೆಯೇ ಮೂರು ಬಟ್ಟಲು ಮಾಡಿಡಬೇಕು, ಎರಡರಲ್ಲಿ ಗಂಡೆದೆ, ಒಂದರಲ್ಲಿ ಹಳೆಯದು. ಪೂರ್ತಿ ಆರಲಿ. ಎಲ್ಲರೂ ಕೋಣೆಯಲ್ಲಿರಲಿ. ಆವತ್ತು ಇದ್ದ ದಲ್ಲಾಳಿಯನ್ನೂ ಕರೆಸಿ. ಯಾರೂ ಏನೂ ಹೇಳುವ ಮೊದಲು ಸಾರ್ ಒಬ್ಬರೇ ಕುಡಿಯಲಿ. ಕುಡಿದು, ಆ ಮೂರರಲ್ಲಿ ಯಾವುದು ಕೊಳ್ಳುವಂಥದ್ದು ಎಂದು ಗಟ್ಟಿಯಾಗಿ ಹೇಳಲಿ. ನೀವು ಕುಡಿಯಬೇಡಿ ಮೇಡಂ, ಬರೀ ಮೂಸಿ ನೋಡಿ ಸಾಕು.

ಆ ಕಡೆ ಲೋಟ ಮೇಜಿಗೆ ತಾಗಿದ ಸದ್ದು ಕೇಳಿತು. ಮತ್ತೆ ಬಂದ ಧ್ವನಿಯಲ್ಲಿ ನಿದ್ದೆ ಇರಲಿಲ್ಲ. ಇದು ಆವತ್ತಿನ ಆ ಮಾಲಾ ಎಂದು ಯಜಮಾನಿ ಕೇಳಿದರು.

"ಅದನ್ನ ಅವರೇ ಹೇಳ್ತಾರೆ ಮೇಡಂ. ನಾಳೆ ನಾನೂ ಬರ್ತೀನಿ, ಮಗು ಕರ್ಕೊಂಡು. ನನ್ನ ಚಮಚ ಸಕ್ಕರೆ ಡಬ್ಬೀಲಿದೆಯಂತೆ. ತೊಳೆದು ಕೊಕ್ಕೆಗೆ ಹಾಕಿಡೋಕೆ ಹೇಳಿ." ಮೇಜಿನ ಮೇಲಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. "ಬೇರೆ ಯಾರ ಕೈಲೂ ಬೇಡ. ಸಾರ್ ಕೈಲೇ."